ಕ್ಲಸ್ಟರ್: ಮಾಲೀಕನಿಲ್ಲದ ಮ್ಯಾನೇಜ್‌ಮೆಂಟ್

ಕ್ಲಸ್ಟರ್ ಅಂದರೆ ಗೊಂಚಲು. ಒಂದೇ ಕಸುಬಿನ ಸಣ್ಣಪುಟ್ಟ ಕಾರ್ಖಾನೆಗಳು ಒಂದೇ ಜಾಗದಲ್ಲಿ ಒತ್ತೊತ್ತಾಗಿ ಬೆಳೆದರೆ ಅದನ್ನು ಉದ್ಯಮ ಕ್ಲಸ್ಟರ್ ಅನ್ನುತ್ತಾರೆ. ಬೆಳಗಾವಿಯ ಫೌಂಡ್ರಿಗಳು (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳು), ಚನ್ನಪಟ್ಟಣದ ಗೊಂಬೆ, ತಿರುಪ್ಪೂರಿನ ಬನಿಯನ್ ಎಲ್ಲ ಇಂಥವೇ. ಫೌಂಡ್ರಿ ಕಸುಬಿನಲ್ಲಿ ಒಬ್ಬರು ಪ್ಯಾಟರ್ನ್, ಅಂದರೆ ಅಚ್ಚು ತೆಗೆಯುವ ಮಾದರಿ ಮಾಡುತ್ತಾರೆ, ಇನ್ನೊಬ್ಬರು ಎರಕ ಹೊಯ್ಯುತ್ತಾರೆ, ಪಕ್ಕದ ಶೆಡ್‌ನವರು ಲೇತ್‌ಗೆ ಹಾಕಿ ಕೊಡುತ್ತಾರೆ.

ಇಂಥ ಕಡೆ ಕಸುಬಿನ ಗುಟ್ಟು ಗಾಳಿಯಲ್ಲೇ ಇರುತ್ತದೆ, ಮಕ್ಕಳೂ ತಮಗೆ ಗೊತ್ತಿಲ್ಲದೆ ಕಲಿಯುತ್ತಾರೆ ಅಂತ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಬರೆದಿದ್ದರು. ಇಂಥ ಕಡೆಯ ಚಹಾ ಅಂಗಡಿ ಮುಂದೆ ಅರ್ಧ ಗಂಟೆ ನಿಂತರೆ ಈಗಲೂ ಅದು ನಿಜ ಅನ್ನಿಸುತ್ತದೆ.

ಆದರೆ ಎಲ್ಲರೂ ಸೇರಿ ದುಡ್ಡು ಹಾಕಿದ ಮೇಲೆ ಚಹಾ ಅಂಗಡಿಯ ಮಾತು ಸಾಲದು. ಒಬ್ಬೊಬ್ಬರ ಕೈಗೆ ನಿಲುಕದ ಯಂತ್ರಗಳನ್ನು ಒಟ್ಟಿಗೆ ಹಾಕಿಕೊಳ್ಳುವ ಜಾಗಕ್ಕೆ ಸಿಎಫ್‌ಸಿ, ಅಂದರೆ ಕಾಮನ್ ಫೆಸಿಲಿಟಿ ಸೆಂಟರ್ ಅನ್ನುತ್ತಾರೆ. ಕೇಂದ್ರ ಸರ್ಕಾರದ ಕ್ಲಸ್ಟರ್ ಯೋಜನೆಯಲ್ಲಿ ಇದಕ್ಕೆ ನೆರವು ಬೇಕಾದರೆ ಸದಸ್ಯರು ಮೊದಲು ಒಂದು ಎಸ್‌ಪಿವಿ ಕಟ್ಟಬೇಕು. ಅದು ಇದೊಂದೇ ಕೆಲಸಕ್ಕೆ ಹುಟ್ಟುವ ಸಂಸ್ಥೆ. ಯಾವ ಒಂದು ಘಟಕವೂ 10%ಕ್ಕಿಂತ ಜಾಸ್ತಿ ಷೇರು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಇಲ್ಲಿ ಹುಕುಂ ಮಾಡುವ ಮಾಲೀಕ ಇಲ್ಲ. ಬೆಳಗ್ಗೆ ಒಂದೇ ಆರ್ಡರ್‌ಗೆ ಪೈಪೋಟಿ ಮಾಡಿದವರು ಸಂಜೆ ಒಂದೇ ಮೇಜಿನ ಸುತ್ತ ಕೂತು ನಿರ್ಧಾರ ಮಾಡಬೇಕು. ಕ್ಲಸ್ಟರ್‌ನ ನಿಜವಾದ ಕಷ್ಟ ಇದೇ ಅಂತ ನನಗನ್ನಿಸುತ್ತದೆ.

ಮರಳನ್ನೇ ನೋಡಿ. ಎರಕದ ಅಚ್ಚು ಮರಳಿನದು. ಲೋಹ ಆರಿದ ಮೇಲೆ ಅಚ್ಚು ಒಡೆದರೆ ಸುಟ್ಟು ಕಪ್ಪಾದ ಮರಳಿನ ರಾಶಿ ಉಳಿಯುತ್ತದೆ. ಅದನ್ನು ಸುಮ್ನೆ ಚೆಲ್ಲದೆ ಮತ್ತೆ ಬಳಸಲೆಂದು ಬೆಳಗಾವಿಯ ಫೌಂಡ್ರಿ ಕ್ಲಸ್ಟರ್‌ನಲ್ಲಿ ಎಲ್ಲರಿಗೂ ಸೇರಿ ಒಂದು ಘಟಕವಿದೆ. ಇಂಥ ಘಟಕ ಎಲ್ಲೇ ಇರಲಿ, ಅಲ್ಲಿ ಮಾತುಕತೆ ತಪ್ಪಿದರೆ ಮರಳೇ ಕೆಡುತ್ತದೆ. ಅಚ್ಚು ಗಟ್ಟಿಯಾಗಲು ರೆಸಿನ್ ಅನ್ನುವ ಅಂಟು ಹಾಕಿದ ಮರಳನ್ನು ಚೆನ್ನಾಗಿ ಕಾಯಿಸಿದರೆ ಆ ಅಂಟು ಉರಿದು ಹೋಗುತ್ತದೆ. ಸೋಡಿಯಂ ಸಿಲಿಕೇಟ್ ಅನ್ನುವ ಇನ್ನೊಂದು ಅಂಟು ಹಾಕಿದ್ದರೆ ಹಾಗೆ ಉರಿಯುವುದಿಲ್ಲ. ಒಬ್ಬರು ಹೇಳದೆ ಬೆರೆಸಿ ಕಳಿಸಿದರೆ ಉಳಿದವರ ಮರಳೂ ಹಾಳು, ಅಲ್ವಾ?

ರೇಟು, ಗಿರಾಕಿಯ ಹೆಸರು ಯಾರೂ ಬಿಟ್ಟುಕೊಡಬೇಕಿಲ್ಲ. ಲಾರಿ ಜೊತೆ ಬರುವ ಚೀಟಿಯಲ್ಲಿ ಮಾತ್ರ ಎಷ್ಟು ಟನ್, ಯಾವ ಅಂಟು ಅಂತ ಬರೆದಿರಬೇಕು. ಆ ಚೀಟಿ ಇಲ್ಲದ ಲಾರಿಯನ್ನು ಗೇಟಿನಲ್ಲೇ ನಿಲ್ಲಿಸುವ ಧೈರ್ಯ ಘಟಕದ ಮ್ಯಾನೇಜರ್‌ಗೆ ಇರಬೇಕು, ಅದು ಅಧ್ಯಕ್ಷರ ಫೌಂಡ್ರಿಯ ಲಾರಿಯೇ ಆಗಿದ್ದರೂ.