‘ವೆರಿ’ ಎಂದರೆ ಮೊದಲು ‘ನಿಜವಾದ’ ಎಂದರ್ಥ

‘ವೆರಿ’ ಎಂಬ ಇಂಗ್ಲಿಷ್ ಕ್ರಿಯಾವಿಶೇಷಣಕ್ಕೆ ‘ತುಂಬಾ’, ‘ಬಹಳ’ ಎಂಬ ಅರ್ಥಗಳನ್ನು ನಾವೆಲ್ಲ ಶಾಲೆಯಲ್ಲೇ ಕಲಿತಿದ್ದೇವೆ. ‘ವೆರಿ ಗುಡ್’ ಎಂಬಲ್ಲಿ ಅದು ಸರಿಹೊಂದುತ್ತದೆ. ಆದರೆ ‘ದಟ್ ವೆರಿ ಡೇ’ ಎಂಬುದನ್ನು ‘ಆ ತುಂಬಾ ದಿನ’ ಎಂದು ಬಿಡಿಸಹೊರಟರೆ ಏನೂ ದಕ್ಕುವುದಿಲ್ಲ.

ಲ್ಯಾಟಿನ್ನಿನ ‘ವೇರುಸ್’ ಎಂದರೆ ನಿಜವಾದ. ಅದೇ ಬೇರಿನಿಂದ ಚಿಗುರಿದ ಹಳೆಯ ಫ್ರೆಂಚ್ ಪದವೊಂದು, 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿಗೆ ಬಂದ ಸಾವಿರಾರು ಪದಗಳ ಜೊತೆ ಇಂಗ್ಲಿಷನ್ನು ಸೇರಿ ‘ವೆರಿ’ ಆಯಿತು. ‘ವೆರಿಫೈ’, ‘ವರ್ಡಿಕ್ಟ್’ ಅದರ ದಾಯಾದಿಗಳು. 1611ರ ಇಂಗ್ಲಿಷ್ ಬೈಬಲಿನ ಆದಿಕಾಂಡದಲ್ಲಿ, ಕಣ್ಣು ಮಂಜಾದ ಮುದುಕ ಇಸಾಕನು ಎದುರಿಗಿದ್ದ ಮಗನನ್ನು ಮುಟ್ಟಿ ನೋಡಲು ಹತ್ತಿರ ಕರೆಯುತ್ತಾನೆ. ಬಂದವನು ತನ್ನ ‘ವೆರಿ ಸನ್’ ಏಸಾವನು ಹೌದೋ ಅಲ್ಲವೋ ಎಂಬುದು ಅವನ ಸಂಶಯ. ಇಲ್ಲಿ ‘ವೆರಿ’ ಎಂದರೆ ‘ಖುದ್ದು’, ‘ನಿಜವಾದ’. ಕನ್ನಡದಲ್ಲಿ ಈ ಕೆಲಸವನ್ನು ‘ಏ’ ಎಂಬ ಒಂದೇ ಅಕ್ಷರ ಮಾಡುತ್ತದೆ: ಏಸಾವನೇ, ಅವನೇ, ಅದೇ. ಹಾಗಾಗಿ ‘ದಟ್ ವೆರಿ ಡೇ’ ಎಂದರೆ ‘ಅದೇ ದಿನ’, ಅಷ್ಟೆ.

‘ನಿಜವಾದ’ ಎಂಬುದು ‘ತುಂಬಾ’ ಆದದ್ದು ಹೇಗೆಂಬುದು ನಮಗೆ ಒಗಟಾಗಬೇಕಿಲ್ಲ. ‘ನಿಜಕ್ಕೂ ಚೆನ್ನಾಗಿದೆ’ ಎನ್ನುವಾಗ ನಾವೂ ಸತ್ಯದ ಮೇಲೆ ಆಣೆಯಿಟ್ಟು ಚೆಲುವಿನ ಅಳತೆಯನ್ನೇ ಹೆಚ್ಚಿಸುತ್ತಿರುತ್ತೇವೆ. ‘ವೆರಿ’ ಈ ಸ್ಥಾನಕ್ಕೆ ಬರುವ ಮೊದಲಿನಿಂದಲೂ ಇಂಗ್ಲಿಷರು ‘ಫುಲ್’ ಎಂಬ ಪದವನ್ನು ಹೀಗೆ ಬಳಸುತ್ತಿದ್ದರು. ‘ಫುಲ್ ವೆಲ್’ ಎಂಬುದರಲ್ಲಿ ಅದು ಇಂದಿಗೂ ಉಳಿದಿದೆ. ನನಗೆ ಅತ್ಯಂತ ಪ್ರಿಯವಾದ ಹೋಲಿಕೆ ಇದು, ಏಕೆಂದರೆ ನಮ್ಮ ‘ತುಂಬಾ’ ಕೂಡ ‘ತುಂಬು’ ಎಂಬ ಕ್ರಿಯಾಪದದಿಂದಲೇ ಹುಟ್ಟಿದೆ. ನೀರಿನ ಮಟ್ಟ 124.80 ಅಡಿ ಮುಟ್ಟಿದಾಗ ಮಂಡ್ಯದವರು ‘ಕನ್ನಂಬಾಡಿ ಕಟ್ಟೆ ತುಂಬಿತು’ ಎನ್ನುತ್ತಾರಲ್ಲ, ಆ ತುಂಬುವಿಕೆಯೇ ‘ತುಂಬಾ ಸಂತೋಷ’ ಎಂಬ ಮಾತಿನಲ್ಲೂ ಇದೆ. ನಮ್ಮ ಹಳ್ಳಿಗಳ ‘ಬೋ ಪಸಂದಾಗೈತೆ’ಯ ‘ಬೋ’ ಮಾತ್ರ ಸಂಸ್ಕೃತದ ‘ಬಹು’ವಿನಿಂದ ಬಂದದ್ದು.

ಬಳಕೆಯಲ್ಲಿ ಒಂದು ಎಚ್ಚರ ಬೇಕು. ಹೈಸ್ಕೂಲಿನಲ್ಲಿ ದಸರೆಯ ಕುರಿತ ಪ್ರಬಂಧದಲ್ಲಿ ನಾನು ‘ಐ ವೆರಿ ಲೈಕ್ ದಸರಾ’ ಎಂದು ಬರೆದಾಗ ಮೇಷ್ಟ್ರು ‘ವೆರಿ’ಯ ಕೆಳಗೆ ಕೆಂಪು ಗೆರೆ ಎಳೆದಿದ್ದರು. ‘ತುಂಬಾ ನಡೆದೆ’, ‘ತುಂಬಾ ನಕ್ಕೆ’ ಎಂದು ನಮ್ಮ ‘ತುಂಬಾ’ ಕ್ರಿಯಾಪದದೊಡನೆ ಸಲೀಸಾಗಿ ಕೂಡುತ್ತದೆ, ‘ವೆರಿ’ ಕೂಡುವುದಿಲ್ಲ. ‘ತುಂಬಾ’ ಎಂಬ ಅರ್ಥದಲ್ಲಿ ಅದು ‘ಗುಡ್’, ‘ಫಾಸ್ಟ್’ನಂಥ ಗುಣವಾಚಕ ಅಥವಾ ಕ್ರಿಯಾವಿಶೇಷಣಗಳಿಗೆ ಮೊದಲು ಮಾತ್ರ ನಿಲ್ಲುತ್ತದೆ. ಕ್ರಿಯಾಪದಕ್ಕೆ ಒತ್ತು ಕೊಡಬೇಕಾದಾಗ ‘ಮಚ್’ ಜೊತೆಗೂಡಬೇಕು: ‘ಐ ಲೈಕ್ ದಸರಾ ವೆರಿ ಮಚ್’.