ಓದುಗರ ಪ್ರಶ್ನೆ: ಮೆಡಿಕಲ್ ಸ್ಕೂಲ್ ಇಂಟರ್‌ವ್ಯೂ ಆನ್‌ಲೈನ್ ಇದ್ದರೂ ಒಮ್ಮೆ ಹೋಗಿ ಮುಖ ತೋರಿಸಿ ಬರಬೇಕಾ?

ಪ್ರಶ್ನೆ: ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಮಗಳಿಗೆ ಈಸ್ಟ್ ಕೋಸ್ಟ್‌ನ ಎರಡು ಮೆಡಿಕಲ್ ಸ್ಕೂಲ್‌ಗಳಿಂದ ಇಂಟರ್‌ವ್ಯೂ ಬಂದಿದೆ. ಒಂದು ಜೂಮ್‌ನಲ್ಲಿ, ಇನ್ನೊಂದಕ್ಕೆ ಖುದ್ದಾಗಿ ಹೋಗಬೇಕು. ಹೇಗೂ ಆ ಕಡೆ ಹೋಗ್ತೀರಲ್ಲ, ಜೂಮ್ ಇರುವ ಸ್ಕೂಲಿಗೂ ಹೋಗಿ ಅಡ್ಮಿಷನ್ ಆಫೀಸಿನವರಿಗೆ ಮುಖ ತೋರಿಸಿ ಬನ್ನಿ, ಸೀಟು ಗಟ್ಟಿಯಾಗುತ್ತೆ ಅಂತ ಪರಿಚಯದವರೆಲ್ಲ ಹೇಳುತ್ತಿದ್ದಾರೆ. ಹೋಗಬೇಕಾ? ನಾವೂ ಜೊತೆಗೆ ಹೋಗಬಹುದಾ?

ಉತ್ತರ: ಮೊದಲು ಮಗಳಿಗೆ ಅಭಿನಂದನೆ ಹೇಳಿ. ಇಂಟರ್‌ವ್ಯೂಗೆ ಕರೆ ಬರುವುದೇ ದೊಡ್ಡ ಜರಡಿ ದಾಟಿದ ಹಾಗೆ.

ಈಗ ಉತ್ತರ. ಬೇಡ. ಜೂಮ್ ಇಂಟರ್‌ವ್ಯೂ ಮಾಡುವ ಸ್ಕೂಲಿಗೆ ಮುಖ ತೋರಿಸಲು ಹೋಗಬೇಡಿ. ಖುದ್ದಾಗಿ ಕರೆದ ಸ್ಕೂಲಿಗೆ ಹೋಗಿ, ಚೆನ್ನಾಗಿ ತಯಾರಾಗಿ ಹೋಗಿ. ಇಷ್ಟೇ ವಿಷಯ. ಆದರೆ ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ. ಪ್ರತಿ ವರ್ಷ ಆಗಸ್ಟ್ ಬಂತೆಂದರೆ ಇದೇ ಪ್ರಶ್ನೆ, ನನ್ನದು ಇದೇ ಉತ್ತರ, ಆಮೇಲೆ "ಇರಲಿ, ಒಂದ್ಸಲ ಹೋಗಿ ಬಂದ್ರೆ ತಪ್ಪೇನು" ಅನ್ನುವ ಮರುಪ್ರಶ್ನೆ. ಹಾಗಾಗಿ ಈ ಸಲ ಬಿಡಿಸಿ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿಬಿಡಿ.

ಸೀಟು ಕೊಡುವವರು ಯಾರು ಅನ್ನುವುದನ್ನು ಮೊದಲು ನೋಡಿ. ಅಮೆರಿಕದಲ್ಲಿ ಎಂಡಿ (ಇಲ್ಲಿನ ಮೊದಲ ವೈದ್ಯ ಪದವಿ) ಕೊಡುವ ಸ್ಕೂಲ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಎಲ್‌ಸಿಎಂಇ. ಅದರ ನಿಯಮ ಸ್ಪಷ್ಟವಾಗಿದೆ. ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವ ಅಂತಿಮ ಜವಾಬ್ದಾರಿ ಅಡ್ಮಿಷನ್ ಕಮಿಟಿಯದು. ಕಮಿಟಿಯ ಪ್ರತಿ ಸಭೆಯಲ್ಲೂ ಮತ ಹಾಕುವವರಲ್ಲಿ ಹೆಚ್ಚಿನವರು ಅಲ್ಲಿನ ಅಧ್ಯಾಪಕರೇ ಆಗಿರಬೇಕು. ಆಯ್ಕೆಯ ಮೇಲೆ ರಾಜಕೀಯದ ಪ್ರಭಾವವಾಗಲಿ ಹಣದ ಪ್ರಭಾವವಾಗಲಿ ಇರಕೂಡದು. ಒಬ್ಬರನ್ನು ಒಲಿಸಿಕೊಂಡರೆ ಕೆಲಸ ಆಗುವ ಜಾಗವೇ ಅಲ್ಲ ಅದು.

ಆ ಕಮಿಟಿಯ ಮುಂದೆ ಏನಿರುತ್ತದೆ? ನಿಮ್ಮ ಮಗಳ ಫೈಲು. ಜಿಪಿಎ ಅಂದರೆ ಕಾಲೇಜಿನ ಸರಾಸರಿ ಅಂಕ, ಮೆಡಿಕಲ್ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಅಂಕ, ಮೂಲ ಅರ್ಜಿ, ಶಿಫಾರಸು ಪತ್ರಗಳು, ಸೆಕೆಂಡರಿ ಪ್ರಬಂಧಗಳು (ಮೂಲ ಅರ್ಜಿಯ ನಂತರ ಆಯಾ ಸ್ಕೂಲು ಕೇಳಿ ಬರೆಸುವಂಥವು), ಇಂಟರ್‌ವ್ಯೂ ಮಾಡಿದವರು ಬರೆದ ವರದಿ. "ಕಳೆದ ಮಂಗಳವಾರ ಬಂದು ಹಲೋ ಹೇಳಿ ಹೋದಳು" ಅಂತ ಬರೆಯಲು ಅದರಲ್ಲಿ ಜಾಗವಿಲ್ಲ. ನೀವು ಆಫೀಸಿಗೆ ಹೋದರೆ ಸಿಗುವುದು ಮುಂದಿನ ಮೇಜಿನಲ್ಲಿ ಕೂತಿರುವ ಸಿಬ್ಬಂದಿ. ಪಾಪ, ಅವರು ಮತ ಹಾಕುವುದಿಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಅನ್ನುವುದು ನನಗೆ ಚೆನ್ನಾಗಿ ಗೊತ್ತು, ಮತ್ತು ಅದು ಅರ್ಥವಾಗುವಂಥದ್ದೇ. ಹೈಸ್ಕೂಲು ಮುಗಿಯುವ ಹೊತ್ತಿಗೆ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಬೇಸಿಗೆ ಪೂರ್ತಿ ಕಾಲೇಜು ಟೂರ್ ಮಾಡಿಸಿದ್ದೀರಲ್ವಾ? ಆಗ ಹೋದ ಕಡೆಯೆಲ್ಲ ಹೆಸರು ಬರೆಸಿದ್ದೀರಿ. ಕೆಲವು ಅಂಡರ್‌ಗ್ರ್ಯಾಜುಯೇಟ್ ಕಾಲೇಜುಗಳು ಆ ಲೆಕ್ಕ ಇಟ್ಟುಕೊಳ್ಳುವುದು ನಿಜ. ಕ್ಯಾಂಪಸ್‌ಗೆ ಬಂದಿದ್ದಾರಾ, ಇಮೇಲ್ ತೆರೆದು ನೋಡಿದ್ದಾರಾ ಅಂತೆಲ್ಲ ನೋಡುತ್ತವೆ. ಸೇರುವ ಆಸಕ್ತಿ ಎಷ್ಟಿದೆ ಅಂತ ಅಳೆಯಲು ಅವರಿಗೆ ಅದು ಬೇಕು. ಮೆಡಿಕಲ್ ಸ್ಕೂಲಿಗೆ ಬೇಕಿಲ್ಲ. ಸೆಕೆಂಡರಿಯಲ್ಲಿ "ನಮ್ಮ ಸ್ಕೂಲೇ ಯಾಕೆ" ಅಂತ ನೇರವಾಗಿ ಕೇಳಿರುತ್ತಾರೆ, ಇಂಟರ್‌ವ್ಯೂನಲ್ಲಿ ಮತ್ತೆ ಕೇಳುತ್ತಾರೆ. ಆ ಎರಡು ಉತ್ತರ ಚೆನ್ನಾಗಿದ್ದರೆ ಆಸಕ್ತಿಗೆ ಬೇರೆ ಸಾಕ್ಷಿ ಬೇಡ.

ಎರಡನೇ ಕಾರಣ, ಹಳೆಯ ಕಾಲದವರ ಮಾತು. 2020ಕ್ಕಿಂತ ಮೊದಲು ಇಂಟರ್‌ವ್ಯೂ ಅಂದರೆ ಹೋಗಲೇಬೇಕಿತ್ತು. ಕೋವಿಡ್ ಬಂದಾಗ ಮೆಡಿಕಲ್ ಕಾಲೇಜುಗಳ ಒಕ್ಕೂಟ ಎಎಎಂಸಿ ಆನ್‌ಲೈನ್ ಮಾಡಿ ಅಂತ ಸ್ಕೂಲ್‌ಗಳಿಗೆ ಸಲಹೆ ಕೊಟ್ಟಿತು. ಕೋವಿಡ್ ಹೋದ ಮೇಲೂ ಬಹಳಷ್ಟು ಸ್ಕೂಲ್‌ಗಳು ಅದನ್ನೇ ಉಳಿಸಿಕೊಂಡವು. ಇನ್ನು ಕೆಲವು ಹಳೆಯ ಪದ್ಧತಿಗೆ ಮರಳಿದವು. ನಿಮಗೆ ಸಲಹೆ ಕೊಡುತ್ತಿರುವ ಅಣ್ಣಂದಿರು ಅಕ್ಕಂದಿರು 2015ರಲ್ಲೋ 2017ರಲ್ಲೋ ಸೂಟ್‌ಕೇಸ್ ಹಿಡಿದು ಊರೂರು ತಿರುಗಿದವರು. ಅವರ ಅನುಭವ ಸುಳ್ಳಲ್ಲ. ಆದರೆ ಅವರನ್ನು ಸ್ಕೂಲೇ ಕರೆದಿತ್ತು.

ಮೂರನೆಯದು "ನಮ್ಮ ಕಸಿನ್ ಹೋಗಿ ಬಂದ, ಸೀಟು ಸಿಕ್ತು" ಅನ್ನುವ ಕಥೆ. ಸಿಕ್ಕಿರಬಹುದು. ಹೋಗದಿದ್ದರೂ ಸಿಗುತ್ತಿತ್ತು. ಹೋಗಿ ಬಂದು ಸೀಟು ಸಿಗದವರು ಆ ಕಥೆಯನ್ನು ಊಟಕ್ಕೆ ಕೂತಾಗ ಹೇಳುವುದಿಲ್ಲ, ಹಾಗಾಗಿ ನಿಮ್ಮ ಕಿವಿಗೆ ಬಿದ್ದಿಲ್ಲ.

ನನಗೆ ಪರಿಚಯದ ಹುಡುಗನೊಬ್ಬ ತಂದೆಯ ಒತ್ತಾಯಕ್ಕೆ ಹೀಗೆ ಹೋಗಿದ್ದ. ಇಸ್ತ್ರಿ ಮಾಡಿದ ಸೂಟು, ಕೈಯಲ್ಲಿ ಸ್ವೀಟ್ ಬಾಕ್ಸ್. ಮುಂದಿನ ಮೇಜಿನಲ್ಲಿದ್ದ ಮಹಿಳೆ ಎದ್ದು ನಿಂತು ನಗುತ್ತಾ ಮಾತಾಡಿಸಿದರು. "ಇವತ್ತು ಇಲ್ಲಿ ಇಂಟರ್‌ವ್ಯೂ ಇಲ್ಲವಲ್ಲ, ದಾರಿ ತಪ್ಪಿ ಬಂದ್ರಾ?" ಅಂತ ಕೇಳಿದರು. ಸುಮ್ನೆ ನೋಡಿಕೊಂಡು ಹೋಗೋಣ ಅಂತ ಬಂದೆ ಅಂದ. ಅವರು ಒಂದು ಕ್ಯಾಂಪಸ್ ಮ್ಯಾಪು ಕೊಟ್ಟರು. ಅರ್ಜಿದಾರರಿಂದ ನಾವು ಏನನ್ನೂ ತಗೊಳ್ಳುವ ಹಾಗಿಲ್ಲ ಅಂತ ಬಾಕ್ಸನ್ನು ಎರಡೂ ಕೈಯಲ್ಲಿ ವಾಪಸ್ ಕೊಟ್ಟರು. ಐದು ನಿಮಿಷವೂ ಆಗಿರಲಿಲ್ಲ. ಅದಕ್ಕಾಗಿ ಆ ಹುಡುಗ ಒಂದು ಲ್ಯಾಬ್ ಪರೀಕ್ಷೆ ತಪ್ಪಿಸಿಕೊಂಡಿದ್ದ. ಆ ಮಹಿಳೆ ಮಾಡಿದ್ದು ಸರಿ, ಬಹಳ ಮರ್ಯಾದೆಯಿಂದ ಮಾಡಿದರು. ಮಗುವನ್ನು ಆ ಮುಜುಗರಕ್ಕೆ ತಳ್ಳಬಾರದಿತ್ತು ಅನ್ನುವುದಷ್ಟೇ ನನ್ನ ಸಂಕಟ.

ಇನ್ನೊಂದು ಮಾತನ್ನು ನಮ್ಮವರು ಯೋಚಿಸುವುದೇ ಇಲ್ಲ. ಆನ್‌ಲೈನ್ ಇಂಟರ್‌ವ್ಯೂ ಉಳಿದುಕೊಂಡಿರುವುದಕ್ಕೆ ದೊಡ್ಡ ಕಾರಣ ಖರ್ಚು. ಬಡ ಮನೆಯ ಮಕ್ಕಳಿಗೆ ಎಎಎಂಸಿಯ ಫೀ ಅಸಿಸ್ಟೆನ್ಸ್ ಪ್ರೋಗ್ರಾಮ್ ಇದೆ. ಎಂಕ್ಯಾಟ್ ಶುಲ್ಕದಲ್ಲಿ, ಅರ್ಜಿ ಶುಲ್ಕದಲ್ಲಿ ಸಹಾಯ ಸಿಗುತ್ತದೆ. ವಿಮಾನದ ಟಿಕೆಟ್ಟು, ಹೋಟೆಲು ಅದರಲ್ಲಿ ಬರುವುದಿಲ್ಲ. ಐದಾರು ಕಡೆ ಕರೆ ಬಂದರೆ ಅಂಥ ಮಗು ಎಲ್ಲಿಂದ ಹೊಂದಿಸಬೇಕು? ಎಲ್ಲರೂ ಅದೇ ಪರದೆಯ ಮುಂದೆ ಕೂತರೆ ಆ ಅಂತರ ಕಡಿಮೆಯಾಗುತ್ತದೆ. ದುಡ್ಡಿರುವವರು ಹೋಗಿ ಮುಖ ತೋರಿಸಿ ಲಾಭ ಪಡೆಯುವಂತಾದರೆ ಆ ವ್ಯವಸ್ಥೆಗೇ ಅರ್ಥವಿಲ್ಲ. ಆಫೀಸಿನವರಿಗೆ ಇದು ಚೆನ್ನಾಗಿ ಗೊತ್ತು.

ಸ್ಕೂಲೇ "ಆನ್‌ಲೈನ್ ಅಥವಾ ಖುದ್ದಾಗಿ, ಯಾವುದಾದರೂ ಸರಿ" ಅಂತ ಆಯ್ಕೆ ಕೊಟ್ಟರೆ? ಎರಡನ್ನೂ ಒಂದೇ ರೀತಿ ನೋಡುತ್ತೇವೆ ಅಂತ ಬರೆದಿದ್ದರೆ ನಂಬಿ. ಹತ್ತಿರವಿದ್ದರೆ ಹೋಗಿ, ದೂರವಿದ್ದರೆ ಬೇಡ. ಪ್ರಬಂಧ ಕಳಿಸಿದ ಮೇಲೆ ಹೊಸದೇನಾದರೂ ಆಗಿದ್ದರೆ, ಒಂದು ಪೇಪರ್ ಪ್ರಕಟವಾಗಿದ್ದರೆ, ಹೊಸ ಕೆಲಸ ಸಿಕ್ಕಿದ್ದರೆ, ಅಪ್‌ಡೇಟ್ ಪತ್ರ ಕಳಿಸಲಿ. ಆದರೆ ಕೆಲವು ಸ್ಕೂಲ್‌ಗಳು ಅದನ್ನೂ ತೆಗೆದುಕೊಳ್ಳುವುದಿಲ್ಲ. ಪೋರ್ಟಲ್‌ನಲ್ಲಿ ಮೊದಲು ಓದಿ ನೋಡಲಿ.

ಈಗ ನಿಜವಾದ ಪ್ರಯಾಣದ ವಿಷಯ. ಖುದ್ದಾಗಿ ಕರೆದಿರುವ ಸ್ಕೂಲಿಗೆ ಹಿಂದಿನ ದಿನ ಮಧ್ಯಾಹ್ನದೊಳಗೆ ತಲುಪುವ ಹಾಗೆ ಟಿಕೆಟ್ ಮಾಡಿ. ರಾತ್ರಿಯ ಕೊನೆಯ ಫ್ಲೈಟ್ ಬೇಡ. ಅದು ರದ್ದಾದರೆ ಮುಂದಿನದು ಬೆಳಿಗ್ಗೆಯೇ, ಅಷ್ಟು ಹೊತ್ತಿಗೆ ಇಂಟರ್‌ವ್ಯೂ ಶುರುವಾಗಿರುತ್ತದೆ. ಡಿಸೆಂಬರ್, ಜನವರಿಯಲ್ಲಾದರೆ ಹಿಮ ಬೀಳುವ ಊರುಗಳ ಮೂಲಕ ಕನೆಕ್ಷನ್ ತಗೊಳ್ಳಬೇಡಿ, ಸ್ವಲ್ಪ ಜಾಸ್ತಿ ಕೊಟ್ಟಾದರೂ ನೇರ ಫ್ಲೈಟ್ ನೋಡಿ. ಬೇಸಿಕ್ ಎಕಾನಮಿ ಟಿಕೆಟ್ ಅಗ್ಗ ಅಂತ ಮರುಳಾಗಬೇಡಿ. ಅದನ್ನು ಬದಲಾಯಿಸುವುದು ಕಷ್ಟ, ಇಂಟರ್‌ವ್ಯೂ ದಿನಾಂಕಗಳು ಬದಲಾಗುವುದೂ ಉಂಟು. ಏರ್‌ಲೈನ್‌ನಲ್ಲೇ ನೇರವಾಗಿ, ಪ್ರಯಾಣಕ್ಕೆ 7 ದಿನ ಅಥವಾ ಅದಕ್ಕಿಂತ ಮೊದಲು ಬುಕ್ ಮಾಡಿದರೆ 24 ಗಂಟೆ ನಿಮ್ಮ ಕೈಯಲ್ಲಿರುತ್ತದೆ. ಅಷ್ಟರೊಳಗೆ ಮನಸ್ಸು ಬದಲಾದರೆ ದಂಡವಿಲ್ಲದೆ ರದ್ದು ಮಾಡಬಹುದು. ಇದು ಫೆಡರಲ್ ನಿಯಮ.

ಸೂಟು, ಶೂ, ಔಷಧಿ ಎಲ್ಲ ಕೈಚೀಲದಲ್ಲೇ ಇರಲಿ. ಚೆಕ್-ಇನ್ ಬ್ಯಾಗಿಗೆ ಹಾಕಿದ ಸೂಟು ಬೇರೆ ಊರಿಗೆ ಹೋಗಿ, ಜೀನ್ಸ್‌ನಲ್ಲಿ ನಿಂತು ಅಳುವ ಮಕ್ಕಳನ್ನು ನೋಡಿದ್ದೇನೆ. 2025ರ ಮೇ 7ರಿಂದ ವಿಮಾನ ಹತ್ತಲು ರಿಯಲ್ ಐಡಿ (ಫೆಡರಲ್ ಮಾನದಂಡದ ಗುರುತಿನ ಚೀಟಿ) ಕೇಳುತ್ತಾರೆ. ಮಗಳ ಡ್ರೈವರ್ ಲೈಸೆನ್ಸ್ ಆ ಬಗೆಯದಲ್ಲದಿದ್ದರೆ ಪಾಸ್‌ಪೋರ್ಟ್ ಜೊತೆಗಿರಲಿ. 25 ವರ್ಷ ತುಂಬದವರಿಗೆ ಬಾಡಿಗೆ ಕಾರಿನವರು ಸಾಮಾನ್ಯವಾಗಿ ಹೆಚ್ಚುವರಿ ಹಣ ಹಾಕುತ್ತಾರೆ, ಹಾಗಾಗಿ ಊಬರ್ ಅಗ್ಗವಾದೀತು. ಎಷ್ಟೋ ಸ್ಕೂಲ್‌ಗಳು ರಿಯಾಯಿತಿ ಹೋಟೆಲುಗಳ ಪಟ್ಟಿ ಕಳಿಸುತ್ತವೆ, ಕೆಲವು ಕಡೆ ಅಲ್ಲಿನ ವಿದ್ಯಾರ್ಥಿಗಳೇ ತಮ್ಮ ಮನೆಯಲ್ಲಿ ಉಳಿಸಿಕೊಳ್ಳುತ್ತಾರೆ. ನನ್ನ ಕೇಳಿದರೆ ಇದು ಹೋಟೆಲಿಗಿಂತ ಮೇಲು. ಆ ಸ್ಕೂಲಿನ ನಿಜವಾದ ಸುದ್ದಿ ಸಿಗುವುದು ಅವರ ಅಡುಗೆಮನೆಯಲ್ಲೇ.

"ಹೇಗೂ ಆ ಕಡೆ ಹೋಗ್ತೀವಲ್ಲ" ಅನ್ನುವ ಮಾತಿನಲ್ಲಿ ಒಂದು ಅಪಾಯ ಇದೆ. ಎರಡು ಇಂಟರ್‌ವ್ಯೂಗಳ ದಿನಾಂಕ ಹತ್ತಿರ ಬಂದರೆ ಜೂಮ್ ಅನ್ನು ಹೋಟೆಲ್ ರೂಮಿನಿಂದ ಮಾಡಬೇಕಾಗುತ್ತದೆ. ಹೋಟೆಲಿನ ವೈಫೈ ನಂಬಬೇಡಿ. ಕರೆ ಬಂದ ಕೂಡಲೇ ಬೇರೆ ದಿನಾಂಕ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಿಂದಿನ ದಿನ ಕೇಳಿದರೆ ತಿಳಿಯುತ್ತಾರೆ. ಕರೆಯಲ್ಲಿರುವ ಸಮಯ ಸ್ಕೂಲಿನ ಊರಿನದು ಅನ್ನುವುದೂ ನೆನಪಿರಲಿ. ಈಸ್ಟ್ ಕೋಸ್ಟ್‌ನಲ್ಲಿ ಬೆಳಿಗ್ಗೆ 8:30 ಅಂದರೆ ನಿಮ್ಮ ಮನೆಯಲ್ಲಿ 5:30. ಅದಕ್ಕೂ ಒಂದೆರಡು ಗಂಟೆ ಮೊದಲೇ ಎದ್ದು ಗಂಟಲು ಸರಿಮಾಡಿಕೊಂಡಿರಬೇಕು. ಅರಿಜೋನಾದ ಮಕ್ಕಳಿಗೆ ಇನ್ನೂ ಗೊಂದಲ. ಅಲ್ಲಿ ಬಹುತೇಕ ಕಡೆ ಗಡಿಯಾರ ಹಿಂದೆ ಮುಂದೆ ಮಾಡುವುದಿಲ್ಲ. ಅಕ್ಟೋಬರ್‌ನಲ್ಲಿ ಫೀನಿಕ್ಸ್‌ಗೂ ನ್ಯೂಯಾರ್ಕ್‌ಗೂ 3 ಗಂಟೆ ವ್ಯತ್ಯಾಸ, ನವೆಂಬರ್ ಮೊದಲ ಭಾನುವಾರ ಕಳೆದರೆ 2 ಗಂಟೆ.

ನೀವು ಜೊತೆಗೆ ಹೋಗಬಹುದಾ? ಊರಿಗೆ ಧಾರಾಳವಾಗಿ ಹೋಗಿ. ಹೋಟೆಲಿನಲ್ಲಿರಿ, ರಾತ್ರಿ ಊಟ ಮಾಡಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ. ಕ್ಯಾಂಪಸ್ ಬಾಗಿಲಿನಿಂದಾಚೆಗೆ ಅವಳೊಬ್ಬಳೇ. ಆಫೀಸಿಗೆ ಫೋನು, ಇಮೇಲು ಅವಳೇ ಮಾಡಲಿ. ನಾಳೆ ರೋಗಿಗಳ ಎದುರು ಒಬ್ಬಳೇ ನಿಲ್ಲುವವಳು ಅವಳು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಕ್ಯಾಂಪಸ್ ನೋಡುವ ಆಸೆಗೆ ಸರಿಯಾದ ಹೊತ್ತು ಬೇರೆಯೇ ಇದೆ. ಸೀಟು ಸಿಕ್ಕ ಮೇಲೆ, ಹೆಚ್ಚಾಗಿ ವಸಂತ ಕಾಲದಲ್ಲಿ, ಬಹಳ ಸ್ಕೂಲ್‌ಗಳು ಸೆಕೆಂಡ್ ಲುಕ್ ಅಂತ ಕ್ಯಾಂಪಸ್ ನೋಡಲು ಕರೆಯುತ್ತವೆ. ಆಗ ಅವಳು ಪರೀಕ್ಷೆ ಕೊಡುವವಳಲ್ಲ, ಸ್ಕೂಲನ್ನು ಪರೀಕ್ಷೆ ಮಾಡುವವಳು. ಇಂಟರ್‌ವ್ಯೂ ಪೂರ್ತಿ ಜೂಮ್‌ನಲ್ಲೇ ಆಗಿದ್ದರೆ ಈ ಪ್ರಯಾಣವನ್ನು ತಪ್ಪಿಸಲೇಬೇಡಿ. ಈಗ ಉಳಿಸಿದ ಟಿಕೆಟ್ ದುಡ್ಡನ್ನು ಇದಕ್ಕೆ ಇಡಿ.

ಅಲ್ಲಿ ಹೊಸ ಕಟ್ಟಡ, ಗಾಜಿನ ಲೈಬ್ರರಿ ತೋರಿಸುತ್ತಾರೆ, ನೋಡಲಿ. ಆದರೆ ಮೂರನೇ ವರ್ಷದವರು ಯಾರಾದರೂ ಸಿಕ್ಕರೆ ಅವರ ಪಕ್ಕ ಕೂತು ಮಾತಾಡಲಿ. ರೊಟೇಷನ್ (ವಿಭಾಗದಿಂದ ವಿಭಾಗಕ್ಕೆ ಸರದಿಯ ತರಬೇತಿ) ಯಾವ ಯಾವ ಆಸ್ಪತ್ರೆಗಳಲ್ಲಿ? ಅವು ಎಷ್ಟು ದೂರ? ಬೆಳಿಗ್ಗೆ 5 ಗಂಟೆಗೆ ಸರ್ಜರಿ ರೌಂಡ್ಸ್‌ಗೆ ಬಸ್ ಸಿಗುತ್ತದಾ, ಕಾರು ಬೇಕೇ ಬೇಕಾ? ಮೊದಲೆರಡು ವರ್ಷ ಪಾಸ್-ಫೇಲ್ ಇದ್ದರೂ ಒಳಗೊಳಗೆ ರ‍್ಯಾಂಕಿಂಗ್ ಇದೆಯಾ? ಕಷ್ಟ ಬಂದಾಗ ಯಾರ ಹತ್ತಿರ ಹೋಗ್ತೀರಿ? ಕೊನೆಯ ಪ್ರಶ್ನೆಗೆ ಅವರು ಥಟ್ಟನೆ ಒಬ್ಬರ ಹೆಸರು ಹೇಳಿದರೆ ಅದು ಒಳ್ಳೆಯ ಸ್ಕೂಲು ಅಂತ ನನ್ನ ಲೆಕ್ಕ.

ಒಂದಕ್ಕಿಂತ ಜಾಸ್ತಿ ಕಡೆ ಸೀಟು ಸಿಕ್ಕಿದ್ದರೆ ಏಪ್ರಿಲ್ 30ರೊಳಗೆ ಒಂದಕ್ಕೆ ಇಳಿಸಿಕೊಳ್ಳಬೇಕು ಅನ್ನುವುದು ಎಎಎಂಸಿಯ ಪದ್ಧತಿ. ವೇಟ್‌ಲಿಸ್ಟ್‌ಗಳಲ್ಲಿ ಹೆಸರು ಹಾಗೇ ಉಳಿಸಿಕೊಳ್ಳಬಹುದು. ಹಾಗಾಗಿ ಸೆಕೆಂಡ್ ಲುಕ್ ಟಿಕೆಟ್ ಮಾಡುವಾಗ ಆ ದಿನಾಂಕಕ್ಕೆ ಮೊದಲೇ ವಾಪಸ್ ಬಂದು, ಎರಡೂ ಸ್ಕೂಲಿನ ಫೈನಾನ್ಶಿಯಲ್ ಏಡ್ ಪತ್ರಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಲು ಒಂದು ವಾರವಾದರೂ ಸಿಗುವಂತೆ ನೋಡಿಕೊಳ್ಳಿ.