ಕಾಚು ಬಣ್ಣದ ಹಾಯಿ, ಬೂದು ಆಕಾಶ: ಡಚ್ ನದಿಚಿತ್ರಗಳ ಹಿನ್ನೆಲೆ

19ನೇ ಶತಮಾನದ ಡಚ್ ನದಿಚಿತ್ರ ಸಿಕ್ಕರೆ ಮೊದಲು ದೋಣಿಯ ಪಕ್ಕದ ಹಲಗೆ ನೋಡಬೇಕು. ತ್ಯಾಲ್ಕ್ ಎಂಬ ಸರಕುದೋಣಿಗೆ ಚಪ್ಪಟೆ ತಳ. ಆಳವಿಲ್ಲದ ನೀರಲ್ಲೂ ಸಾಗುತ್ತದೆ, ಸೇತುವೆ ಬಂದರೆ ಹಾಯಿ ಕಟ್ಟುವ ಕೂವೆಮರವನ್ನೇ ಮಲಗಿಸಬಹುದು. ಆದರೆ ಅಡ್ಡಗಾಳಿಗೆ ಇಂಥ ದೋಣಿ ಪಕ್ಕಕ್ಕೆ ಜಾರುತ್ತದೆ. ಅದಕ್ಕೇ ಎರಡೂ ಬದಿಗೆ ಬೀಸಣಿಗೆಯಂಥ ಮರದ ಹಲಗೆ. ಇಳಿಸುವುದು ಒಂದನ್ನೇ, ಗಾಳಿ ದೋಣಿಯನ್ನು ಯಾವ ಕಡೆಗೆ ತಳ್ಳುತ್ತದೋ ಆ ಕಡೆಯದನ್ನು. ಆಗ ನೀರಿನ ಒತ್ತಡ ಹಲಗೆಯನ್ನು ದೋಣಿಯ ಮೈಗೆ ಒತ್ತಿ ಹಿಡಿಯುತ್ತದೆ; ಎದುರು ಬದಿಯದಾದರೆ ಹೊರಕ್ಕೆ ಸೆಳೆದು ಕೀಳುತ್ತದೆ. ಚಿತ್ರದಲ್ಲಿ ಇದು ಅದಲುಬದಲಾಗಿದ್ದರೆ, ಅಥವಾ ಬಾವುಟ ಒಂದು ಕಡೆ, ಹಾಯಿ ಇನ್ನೊಂದು ಕಡೆ ಉಬ್ಬಿದ್ದರೆ, ಕಲಾವಿದ ದೋಣಿಯನ್ನು ಸರಿಯಾಗಿ ಗಮನಿಸಿಲ್ಲ.

ಹಾಯಿ ಕಂದಾಗಿರುವುದೂ ಸುಮ್ಮನಲ್ಲ. ಬಟ್ಟೆ ಕೊಳೆಯದಿರಲೆಂದು ಓಕ್ ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದರು. ಮುಂದೆ ಪೂರ್ವ ದೇಶಗಳ ಕಾಚು ಬಂತು. ಹೌದು, ನಮ್ಮ ವೀಳ್ಯದ ತಟ್ಟೆಯಲ್ಲಿರುವ ಕಾಚೇ! ಬಣ್ಣ ಮಾಸಿದಂತೆ ಮತ್ತೆ ಅದ್ದಬೇಕು. ಆದ್ದರಿಂದ ಒಂದೇ ಚಿತ್ರದಲ್ಲಿ ಗಾಢ ಹಾಯಿಯೂ ಮಾಸಲು ಹಾಯಿಯೂ ಇರುವುದು ಸಹಜ.

ತಗ್ಗಾದ ದಿಗಂತ, ಮೇಲೆಲ್ಲ ಮೋಡ, ಕೆಳಗೆ ದೋಣಿ ಎಂಬ ಏರ್ಪಾಡು 17ನೇ ಶತಮಾನದ ಕಲಾವಿದರಾದ ಯಾನ್ ಫಾನ್ ಹೋಯೆನ್, ಸಾಲೊಮನ್ ಫಾನ್ ರೌಸ್ಡಾಲ್ ಅವರಿಂದ ಬಂದದ್ದು. 1800ರ ನಂತರ ಕೂಕ್ಕೂಕ್ ಮನೆತನದವರು ಅದನ್ನೇ ಹಗ್ಗಹಗ್ಗವೂ ಕಾಣುವಷ್ಟು ನಯವಾಗಿ ಬರೆದರು. ಯೊಹಾನಸ್ ಹೆರ್ಮಾನಸ್ (1778–1851) ಮಗ ಹೆರ್ಮಾನಸ್‌ಗೂ (1815–1882) ಕಲಿಸಿದ. ಕೈಚಳಕ ಅಸಾಧಾರಣ, ಗಾಳಿ ಮಾತ್ರ ಹೆಚ್ಚಿನ ಚಿತ್ರಗಳಲ್ಲಿ ತೀರ ಸಭ್ಯ.

ಅಷ್ಟರಲ್ಲಿ ಹೊರಗೆ ಕಾಲ ಬದಲಾಗಿತ್ತು. 1839ರಲ್ಲಿ ಆಮ್‌ಸ್ಟರ್‌ಡ್ಯಾಮ್–ಹಾರ್ಲೆಮ್ ರೈಲು ಓಡಿತು. 1872ರಲ್ಲಿ ರಾಟರ್‌ಡ್ಯಾಮಿಗೆ ಸಮುದ್ರದಿಂದ ನೇರ ಜಲಮಾರ್ಗ ತೆರೆಯಿತು. ಭೂದೃಶ್ಯ ಕಲಾವಿದ ಸ್ಕೆಲ್‌ಫೌಟನ ಶಿಷ್ಯ ಯೋಂಗ್‌ಕಿಂಡ್ (1819–1891) ಪ್ಯಾರಿಸ್ಸಿಗೆ ಹೋಗಿಯೂ ಡಚ್ ನೀರು, ದೋಣಿಗಳನ್ನು ಬಿಡಲಿಲ್ಲ. ಹಗ್ಗ ಎಣಿಸುವುದನ್ನು ಬಿಟ್ಟು ಕುಂಚದ ತುಂಡು ತುಂಡು ಗೆರೆಗಳಲ್ಲಿ ನೀರಿನ ಅಲುಗಾಟ ಹಿಡಿದ. 1875ರಲ್ಲಿ ವಿಮರ್ಶಕ ಫಾನ್ ಸಾಂಟನ್ ಕೊಲ್ಫ್ 'ಹೇಗ್ ಪಂಥ' ಎಂದು ಹೆಸರಿಟ್ಟ ಗುಂಪಿನ ಯಾಕೊಬ್ ಮಾರಿಸ್, ವೈಸೆನ್‌ಬ್ರುಖ್ ಇನ್ನೂ ಮುಂದೆ ಹೋದರು: ದೋಣಿ ಒಂದು ಕಪ್ಪು ತೇಪೆ, ಉಳಿದದ್ದೆಲ್ಲ ಬೂದು ಬೆಳಕು.

ಇಲ್ಲೂ ಒಂದು ಪರೀಕ್ಷೆಯಿದೆ. ನೋಡುವ ಕಣ್ಣು ನೀರಿನಿಂದ 2 ಮೀಟರ್ ಮೇಲಿದ್ದರೆ, ಹತ್ತಿರದ್ದಾಗಲಿ ದೂರದ್ದಾಗಲಿ, ಪ್ರತಿ ದೋಣಿಯನ್ನೂ ದಿಗಂತದ ಗೆರೆ ನೀರಿನಿಂದ 2 ಮೀಟರ್ ಎತ್ತರದಲ್ಲೇ ದಾಟಬೇಕು. ತಪ್ಪಿದರೆ ದೋಣಿ ನೀರ ಮೇಲೆ ಕೂರುವುದಿಲ್ಲ, ಗಾಳಿಯಲ್ಲಿ ತೇಲಿದಂತೆ ಎದ್ದು ಕಾಣುತ್ತದೆ. ಬೂದು ಬಣ್ಣ ಹಳದಿಗೆ ತಿರುಗಿದ್ದರೆ ಮಾತ್ರ ಕಲಾವಿದನನ್ನು ದೂರಬೇಡಿ. ಹಳೆಯ ರಾಳದ ವಾರ್ನಿಷ್ ಕಾಲಕ್ರಮೇಣ ಹಳದಿಯಾಗುತ್ತದೆ.